ಸತ್ಯಾಂಶ: ಮರ ನೆಟ್ಟರೆ ಹೊಲ ಅರಣ್ಯ ಇಲಾಖೆಯ ಪಾಲಾಗುವುದಿಲ್ಲ

ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಡಿ ಸಸಿ ಪಡೆದ ರೈತರ ಪಹಣಿಯಲ್ಲಿ ಮುಂದೆ ‘ಅರಣ್ಯ’ ಎಂದು ನಮೂದಾಗಿ ಜಮೀನು ಕೈತಪ್ಪುತ್ತದೆ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ನಿಜವಲ್ಲ.

ಕರ್ನಾಟಕದಲ್ಲಿ 2011-12ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಅರಣ್ಯ ಇಲಾಖೆಯು ತನ್ನ ಸಸ್ಯಕ್ಷೇತ್ರಗಳಿಂದ ರಿಯಾಯಿತಿ ದರದಲ್ಲಿ ಸಸಿಗಳನ್ನು ಒದಗಿಸಿ, ಬದುಕುಳಿದ ಸಸಿಗಳಿಗೆ ಮೂರು ವರ್ಷ ಪ್ರೋತ್ಸಾಹಧನ ನೀಡುತ್ತದೆಯೇ ಹೊರತು ಭೂಮಿಯ ಒಡೆತನವನ್ನು ಮುಟ್ಟುವುದಿಲ್ಲ. ಭೂದಾಖಲೆಯು ಕಂದಾಯ ಇಲಾಖೆಯ ಅಧೀನದಲ್ಲಿದೆ. ಸಸಿ ವಿತರಣೆಯು ಅದನ್ನು ಬದಲಿಸುವ ಆದೇಶವಲ್ಲ. 2014ರ ರಾಷ್ಟ್ರೀಯ ಕೃಷಿ ಅರಣ್ಯ ನೀತಿಯೂ ಕೃಷಿ, ಅರಣ್ಯ, ಗ್ರಾಮೀಣಾಭಿವೃದ್ಧಿ ಇಲಾಖೆಗಳು ಹೊಂದಾಣಿಕೆಯಿಂದ ದುಡಿದು ರೈತರ ಜಮೀನಿನಲ್ಲೇ ಮರ ಬೆಳೆಸಬೇಕೆಂದು ಬಯಸುತ್ತದೆ. ಇಂತಹ ಸಹಕಾರವನ್ನು ಕಬಳಿಕೆಯೆಂದು ಬಿಂಬಿಸುವುದರಿಂದ, ಮಣ್ಣಿನ ಸವಕಳಿ ತಡೆಯುವ ಬದುಗಳ ಮರಗಳೇ ಇಲ್ಲವಾಗುತ್ತವೆ ಎಂಬುದು ನಿಜವಾದ ಆತಂಕ.

ಈ ಭಯಕ್ಕೆ ಹಳೆಯ ಕಾರಣವೊಂದಿದೆ. ಹಿಂದೆ ಖಾಸಗಿ ಜಮೀನಿನ ಶ್ರೀಗಂಧವೂ ಸರ್ಕಾರದ ಸ್ವತ್ತಾಗಿತ್ತು. ಆದರೆ ಕರ್ನಾಟಕ ಅರಣ್ಯ ಕಾಯ್ದೆಯ 2001ರ ತಿದ್ದುಪಡಿಯು ಅದನ್ನು ಭೂಮಾಲೀಕರಿಗೇ ಸೇರಿಸಿತು.

ಉಳಿದಿರುವುದು ಕಟಾವಿನ ಅನುಮತಿ. 1976ರ ಮರ ಸಂರಕ್ಷಣಾ ಕಾಯ್ದೆಯಡಿ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಉಳಿದ ಮರಗಳನ್ನು ಕಡಿಯಲು ಅರಣ್ಯಾಧಿಕಾರಿಗೆ ಅರ್ಜಿ ಸಲ್ಲಿಸಬೇಕು. ಆ ಅರ್ಜಿಯ ಜೊತೆ ಪಹಣಿ ಕೇಳುವುದು ಮರ ಯಾರದ್ದೆಂದು ಖಚಿತಪಡಿಸಿಕೊಳ್ಳಲು.