ಪಂಚೆಗೆ ಜೇಬಿಲ್ಲ

ತೀರ್ಥಹಳ್ಳಿ ಕಡೆಯ ನಮ್ಮ ಊರಿನಲ್ಲಿ ಟಾರ್ಚಿಗೆ ಬ್ಯಾಟರಿ ಎನ್ನುತ್ತಾರೆ, ಅದರೊಳಗೆ ಹಾಕುವ ಬ್ಯಾಟರಿಗೆ ಸೆಲ್ಲು ಎನ್ನುತ್ತಾರೆ. ಬೆಂಗಳೂರಿಗೆ ಬಂದ ಹೊಸದರಲ್ಲಿ ಅಂಗಡಿಗೆ ಹೋಗಿ “ಒಂದು ಬ್ಯಾಟರಿ ಕೊಡಿ” ಎಂದಿದ್ದೆ. “ಸ್ಕೂಟರಿನದೋ, ಯುಪಿಎಸ್ಸಿನದೋ?” ಎಂದು ಅಂಗಡಿಯವನು ಕೇಳಿದ. “ಕೈಯಲ್ಲಿ ಹಿಡಿದುಕೊಂಡು ಓಡಾಡುವುದು” ಎಂದೆ. ಅವನು ನನ್ನ ತೋಳುಗಳನ್ನೇ ನೋಡಿದ. ನಾನು ಏನನ್ನೂ ಕೊಳ್ಳದೆ ಬಂದೆ.

ಆಮೇಲೆ ವರ್ಷಗಟ್ಟಲೆ ಮೊಬೈಲಿನ ದೀಪದಲ್ಲೇ ಸಂಸಾರ ಸಾಗಿತು. ಅದಕ್ಕೆ ಕೊನೆ ಬಂದದ್ದು ಹೋದ ಮಳೆಗಾಲದ ಒಂದು ರಾತ್ರಿ. ಕರೆಂಟಿಲ್ಲ, ಸಂಪಿನಲ್ಲಿ ನೀರೆಷ್ಟಿದೆ ಎಂದು ನೋಡಬೇಕು. ಮುಚ್ಚಳ ಎತ್ತಲು ಎರಡೂ ಕೈ ಬೇಕು. ಮೊಬೈಲನ್ನು ಗದ್ದಕ್ಕೂ ಎದೆಗೂ ನಡುವೆ ಸಿಕ್ಕಿಸಿಕೊಂಡು ಬಗ್ಗಿದೆ. ಸರಿಯಾಗಿ ಆಗಲೇ, ಮಹಡಿಯಲ್ಲಿದ್ದ ಹೆಂಡತಿ ನೀರಿದೆಯೇ ಎಂದು ಕೇಳಲು ಫೋನ್ ಮಾಡಿದಳು. ಮೊಬೈಲು ನಡುಗಿತು, ನಾನೂ ನಡುಗಿದೆ. ಸಂಪಿನ ತಳ ಸೇರಿದ ಮೇಲೂ ಅದು ಸ್ವಲ್ಪ ಹೊತ್ತು ಉರಿಯುತ್ತಲೇ ಇತ್ತು. ಎದೆಮಟ್ಟ ನೀರಿದೆ ಎಂಬುದು ಅದರ ಬೆಳಕಿನಲ್ಲಿ ಚೆನ್ನಾಗಿಯೇ ಕಾಣಿಸಿತು.

ಮರುದಿನದಿಂದ ಹೆಂಡತಿಯ ಮೊಬೈಲಿನಲ್ಲಿ ಟಾರ್ಚಿನ ಅಧ್ಯಯನಕ್ಕೆ ಕುಳಿತೆ. ಜೇಬಿನಲ್ಲಿ ಹಿಡಿಸಬೇಕು, ಬೆಳಕು ಮಾತ್ರ ಊರಿಗಾಗುವಷ್ಟಿರಬೇಕು ಎಂಬುದು ನನ್ನ ಬೇಡಿಕೆ. ಬೆಳಕನ್ನು ಅಳೆಯುವ ಮಾನ ಲ್ಯೂಮೆನ್. ನಾವೆಲ್ಲ ಯಾವುದರ ಕೆಳಗೆ ಕುಳಿತು ಮಗ್ಗಿ ಬಾಯಿಪಾಠ ಮಾಡಿದೆವೋ ಆ 60 ವಾಟಿನ ಬಲ್ಬು ಕೊಡುತ್ತಿದ್ದದ್ದು 700ರ ಆಸುಪಾಸು. ಈಗ ಬೆರಳುದ್ದದ ಟಾರ್ಚೇ 1000 ಕೊಡುತ್ತದೆ. ಆದರೆ ಆ ಆರ್ಭಟ ಒಂದೆರಡು ನಿಮಿಷದ್ದು. ಅಷ್ಟು ಪುಟ್ಟ ಮೈಯಲ್ಲಿ ಬಿಸಿ ಹೋಗಲು ಜಾಗವಿಲ್ಲದೆ, ಸುಟ್ಟುಹೋಗುವ ಮೊದಲು ಅದು ತಾನಾಗಿಯೇ ಇಳಿಯುತ್ತದೆ. ವರ್ಗವಾಗಿ ಬಂದ ಅಧಿಕಾರಿಯ ಮೊದಲ ವಾರದ ಹಾಗೆ. ಇನ್ನು ದೂರದ ಲೆಕ್ಕ. ಪೆಟ್ಟಿಗೆಯ ಮೇಲೆ 200 ಮೀಟರ್ ಎಂದಿದ್ದರೆ ಅಷ್ಟು ದೂರದಲ್ಲಿ 0.25 ಲಕ್ಸ್ ಬೆಳಕು ಬೀಳುತ್ತದೆ ಎಂದರ್ಥ, ಅಂದರೆ ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳಷ್ಟು. ಬೆಳದಿಂಗಳನ್ನು ನಂಬಿ ನಾನು ಒಮ್ಮೆ ಗದ್ದೆ ಬದುವಿನ ಮೇಲೆ ನಿಂತಿದ್ದ ಎಮ್ಮೆಯನ್ನು “ಚಿಕ್ಕಪ್ಪ, ಯಾವಾಗ ಬಂದಿರಿ?” ಎಂದು ವಿಚಾರಿಸಿದವನು. ಆ 200 ಮೀಟರಿನ ಮಾತನ್ನು ಅಲ್ಲಿಗೇ ಬಿಟ್ಟೆ.

ಇಷ್ಟು ಓದಿಕೊಂಡವನು ಮೊದಲು ಕೊಂಡದ್ದು ಫುಟ್‌ಪಾತಿನಲ್ಲಿ, 300 ರೂಪಾಯಿಗೆ. ಅದರ ಸೆಲ್ಲಿನ ಹೆಸರು 18650. ಫೋನ್ ನಂಬರಿನ ಚೂರಿನಂತಿದ್ದರೂ ಅದಕ್ಕೆ ಅರ್ಥವಿದೆ: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಕೊನೆಯ ಸೊನ್ನೆ ಅದು ದುಂಡಗಿದೆ ಎಂದು ಹೇಳುವುದಕ್ಕೆ. ಆ ಗಾತ್ರದ ಒಳ್ಳೆಯ ಸೆಲ್ಲಿನಲ್ಲಿ 3500 ಎಂಎಎಚ್ ಹಿಡಿಸಿದರೆ ದೊಡ್ಡದು. ನನ್ನದರ ಮೇಲೆ 9900 ಎಂದು ಅಚ್ಚಾಗಿತ್ತು. ಅರ್ಧ ಗಂಟೆ ಉರಿದು ಅದು ಕಣ್ಣು ಮುಚ್ಚಿತು. ಹೆಂಡತಿ ಅದನ್ನು ಮೈಸೂರುಪಾಕಿನ ಕಡಲೆಹಿಟ್ಟು ತೂಗುವ ತಕ್ಕಡಿಯ ಮೇಲಿಟ್ಟಳು. ಅಸಲಿ ಸೆಲ್ಲು 45 ಗ್ರಾಂ ಮೇಲೆ ತೂಗುತ್ತದೆ, ಇದು 27. “ರೀ, 9900 ಅದರ ಬೆಲೆಯಲ್ಲವಲ್ಲ, ಬಿಡಿ” ಎಂದು ಸಮಾಧಾನ ಹೇಳಿದಳು.

ಎರಡನೆಯದು ಅಸಲಿ. ಹೆಬ್ಬೆರಳಿಗಿಂತ ತುಸು ದಪ್ಪ, ಬಾಲದಲ್ಲಿ ಗುಂಡಿ. ಒತ್ತಿ ಹಿಡಿದರೆ ಮಿಣುಕು ಬೆಳಕು, ಒಮ್ಮೆ ಒತ್ತಿದರೆ ಮಧ್ಯಮ, ಎರಡು ಸಲಕ್ಕೆ ಪ್ರಚಂಡ, ಮೂರು ಸಲಕ್ಕೆ ಫಳಫಳ ಮಿನುಗುವ ಅಪಾಯದ ದೀಪ. ರಾತ್ರಿ ಎರಡು ಗಂಟೆಗೆ ಬಚ್ಚಲಿಗೆ ಹೋಗಬೇಕಾದವನಿಗೆ ಮೂರರವರೆಗೆ ಎಣಿಸುವ ಶಕ್ತಿ ಇರುತ್ತದೆ ಎಂದು ಇದನ್ನು ಮಾಡಿದವರು ಹೇಗೆ ನಂಬಿದರೋ. ಮೊದಲ ರಾತ್ರಿಯೇ ಕೋಣೆ ತುಂಬ ಮಿಂಚು ಹೊಡೆಯಿತು. ಹೆಂಡತಿ ಎದ್ದು ಕುಳಿತು “ಯಾರ ಮನೆಗೆ ಆಂಬುಲೆನ್ಸ್ ಬಂತು?” ಎಂದಳು. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕಂತೆ. ಕಳೆದುಕೊಳ್ಳಲು ಕ್ಷಣ ಸಾಕು. ಬಚ್ಚಲಿನ ಬಾಗಿಲು ಹುಡುಕಿದ್ದು ಗೋಡೆ ಸವರಿಕೊಂಡು. ಟಾರ್ಚ್ ಕೊಳ್ಳುವಾಗ ಅದು ಕೊಡುವ ಅತಿ ದೊಡ್ಡ ಬೆಳಕಿಗಿಂತ ಅತಿ ಸಣ್ಣ ಬೆಳಕನ್ನೇ ಮೊದಲು ನೋಡಬೇಕು ಎಂದು ನಾನು ಈಗ ಎಲ್ಲರಿಗೂ ಹೇಳುತ್ತೇನೆ. ಯಾರೂ ಕೇಳುವುದಿಲ್ಲ.

ನೆಂಟರ ಮನೆಯ ಗೃಹಪ್ರವೇಶದಲ್ಲಿ ನೆಲದ ಪಂಕ್ತಿಗೆ ಕುಳಿತಿದ್ದೆ. ಬಡಿಸುವ ಹುಡುಗ ಸಾರಿನ ಬಕೆಟ್ ಹಿಡಿದು ನನ್ನೆದುರು ಬಂದ ಹೊತ್ತಿಗೇ ಬಲತೊಡೆ ಸುಡತೊಡಗಿತು. “ಮೈಮೇಲೆ ಚೆಲ್ಲಿದೆಯಲ್ಲೋ!” ಎಂದು ಕಿರುಚಿದೆ. ಸಾಲಿಗೆ ಸಾಲೇ ತಿರುಗಿ ನೋಡಿತು. ಪ್ಯಾಂಟ್ ಒಣಗಿತ್ತು. ಚಕ್ಕಳಮಕ್ಕಳ ಹಾಕುವಾಗ ಗುಂಡಿ ಒತ್ತಿಹೋಗಿ, ದಪ್ಪ ಜೀನ್ಸಿನ ಒಳಗೆ ಟಾರ್ಚು ಯಾರಿಗೂ ಕಾಣದಂತೆ ಉರಿಯುತ್ತಿತ್ತು. ಆ ಹುಡುಗ ಮತ್ತೆ ನನ್ನ ಎಲೆಯ ಕಡೆ ಬರಲಿಲ್ಲ. ನಾನು ಊಟ ಮುಗಿಸಿದ್ದು ಕೋಸಂಬರಿಯಲ್ಲಿ.

ಇದಕ್ಕೆ ಪರಿಹಾರವಿದೆ. ಬಾಲದ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿದರೆ ಸಂಪರ್ಕ ಕಡಿದು, ಎಷ್ಟು ಒತ್ತಿದರೂ ಹೊತ್ತುವುದಿಲ್ಲ. ಹಾಗೆಯೇ ಸಡಿಲಿಸಿಕೊಂಡು ಓಡಾಡಿದೆ. ವಾರದೊಳಗೆ ಮೆಟ್ಟಿಲ ಮೇಲೆ ಕರೆಂಟು ಹೋಯಿತು. ಬಿಗಿ ಮಾಡುತ್ತಿದ್ದೇನೆ ಎಂದುಕೊಂಡು ತಿರುಗಿಸಿದೆ, ಮತ್ತೂ ತಿರುಗಿಸಿದೆ. ಸೆಲ್ಲು ಕಳಚಿ ಬಿದ್ದು ಒಂದೊಂದೇ ಮೆಟ್ಟಿಲು ಸದ್ದು ಮಾಡುತ್ತ ಇಳಿದುಹೋಯಿತು. ಹತ್ತೊಂಬತ್ತು ಮೆಟ್ಟಿಲು, ಎಣಿಸಿದ್ದೇನೆ. ಹುಡುಕಲು ಕೆಳಮನೆಯವರಿಂದ ಮೇಣದಬತ್ತಿ ಇಸಿದುಕೊಂಡೆ. ಇನ್ನು ಈ ಕಾಲು ಸುತ್ತಿನ ಸಹವಾಸ ಬೇಡ ಎಂದು ಮುಚ್ಚಳವನ್ನು ಗಟ್ಟಿಯಾಗಿ ಬಿಗಿದೆ.

ಬಿಗಿದದ್ದನ್ನು ಹಾಗೇ ಊರಿಗೂ ಒಯ್ದೆ. ಊರಿನಲ್ಲಿ ಕಂಡುಬಂದ ತೊಡಕೇ ಬೇರೆ: ಜೇಬಿಗೆಂದೇ ಇಷ್ಟು ಅಧ್ಯಯನ ಮಾಡಿ ಕೊಂಡ ಟಾರ್ಚು, ಮನೆಯಲ್ಲಿ ನಾನು ಉಡುವುದು ಪಂಚೆ. ಸೊಂಟಕ್ಕೆ ಸಿಕ್ಕಿಸಿದರೆ ಪಂಚೆಯೂ ಅದರ ಜೊತೆಯೇ ಇಳಿಯುತ್ತಿತ್ತು. ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಾವಿಯ ಹತ್ತಿರ ಬಗ್ಗಲು ನನಗೆ ಧೈರ್ಯವಿಲ್ಲ. ಸಂಪಿನ ನೆನಪು ಇನ್ನೂ ಹಸಿಯಾಗಿತ್ತು. ಅಪ್ಪನ ಕಾಲದ ಮೂರು ಸೆಲ್ಲಿನ ಬ್ಯಾಟರಿ ಮಾತ್ರ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು, ಜೇಬಿನ ಯೋಚನೆಯೇ ಇಲ್ಲದೆ. ಕೊನೆಗೆ ಪೇಟೆಗೆ ಹೋಗಿ, ಹಿಂದಿನವರು ದುಡ್ಡಿಟ್ಟುಕೊಳ್ಳುತ್ತಿದ್ದ ಆಳವಾದ ಜೇಬಿನ ಪಟಾಪಟಿ ಚಡ್ಡಿಯೊಂದನ್ನು ಕೊಂಡು ತಂದೆ.

ಅಂದು ಪಕ್ಕದ ಮನೆಯಲ್ಲಿ ತುಳಸಿ ಪೂಜೆ. ಕಬ್ಬು, ನೆಲ್ಲಿಯ ಟೊಂಗೆ, ಅಂಗಳ ತುಂಬ ಹಣತೆ. ನಾನು ಜಗಲಿಯ ಅಂಚಿನಲ್ಲಿ ಕುಳಿತೆ, ಪ್ರಸಾದಕ್ಕೆಂದು ಎದ್ದೆ. ಕುಳಿತಾಗ ಒಂದು ಸಲ, ಏಳುವಾಗ ಒಂದು ಸಲ ಗುಂಡಿ ಒತ್ತಿರಬೇಕು. ಬಿಳಿ ಪಂಚೆ ಒಳಗಿನಿಂದ ಆಕಾಶಬುಟ್ಟಿಯಂತೆ ಹೊತ್ತಿಕೊಂಡಿತು. ಚಡ್ಡಿಯ ಪಟ್ಟೆಗಳನ್ನು ಅಂಗಳದ ಆ ತುದಿಯಿಂದ ಎಣಿಸಬಹುದಿತ್ತು. ಭಟ್ಟರು ಮಂತ್ರ ನಿಲ್ಲಿಸಿದರು. ಮಕ್ಕಳು ಹತ್ತಿರ ಬಂದು ಸುತ್ತ ನಿಂತವು. ಎರಡು ಹುಳಗಳೂ ಬಂದವು.

ಅಮ್ಮ ಮಾತ್ರ ಗಾಬರಿಯಾಗಲಿಲ್ಲ. ಆರತಿ ತಟ್ಟೆಯನ್ನು ಪಕ್ಕದವರ ಕೈಗೆ ಕೊಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ನಮ್ಮ ಮನೆ ಬ್ಯಾಟರಿ ತರುವುದು ಮರೆತು ಬಂದಿದ್ದೆ” ಎಂದಳು. “ಹೋಗುವಾಗ ನೀನೇ ಮುಂದೆ ನಡೆ.”