"ಎರಡು ದಿನದ ಬ್ಯಾಂಡ್" ಅಂದವರಿಗೆ

ನಿನ್ನೆ ಸಂಜೆಯಿಂದ ತಲೆ ಕೆಟ್ಟಿದೆ. ಶಿವಮೊಗ್ಗದಲ್ಲಿ ಒಂದು ಕಾಲೇಜ್ ಫೆಸ್ಟ್‌ಗೆ ಹೋಗಿದ್ದೆ. ನಮ್ಮ ಕಡೆಯ ಹುಡುಗರ ಮೆಟಲ್ ಬ್ಯಾಂಡ್ (ಗಿಟಾರ್, ಡ್ರಮ್ಸ್ ಅಬ್ಬರದ ಭಾರೀ ರಾಕ್ ಸಂಗೀತದವರು) ಬಾರಿಸಿ ವೇದಿಕೆ ಇಳಿಯಿತು. ಆಮೇಲೆ ಮೈಕ್ ಹಿಡಿದ ಅತಿಥಿಯೊಬ್ಬರು ನಗುತ್ತಾ ಹೇಳಿದರು: "ಇಂಥ ಬ್ಯಾಂಡ್‌ಗಳೆಲ್ಲ ಮಳೆಗಾಲದ ಅಣಬೆ ಇದ್ದ ಹಾಗೆ. ಎರಡು ದಿನ ಇರ್ತಾವೆ, ಹೋಗ್ತಾವೆ." ಜನರೂ ನಕ್ಕರು.

ಮಲೆನಾಡಲ್ಲಿ ನಿಂತು ಅಣಬೆಯನ್ನು ಹೀಗಳೆಯುವುದಾ? ಹುತ್ತದ ಮೇಲೆ ಅಣಬೆ ಎದ್ದಿದೆ ಅಂತ ಗೊತ್ತಾದರೆ ನಮ್ಮಲ್ಲಿ ಬೆಳಕು ಹರಿಯುವ ಮೊದಲೇ ಬುಟ್ಟಿ ಹಿಡಿದು ಓಡುತ್ತಾರೆ. ಎರಡೇ ದಿನ ಇರುತ್ತೆ ಅಂತಲೇ ಓಡುವುದು.

ನನಗೆ ಮೆಟಲ್ ಹುಚ್ಚು. ಹಾಗಾಗಿ ನೇರವಾಗಿ ಎಸ್‌.ಓ.ಡಿ. ಕಥೆಗೆ ಬರುತ್ತೇನೆ. ಪೂರ್ತಿ ಹೆಸರು ಸ್ಟಾರ್ಮ್‌ಟ್ರೂಪರ್ಸ್ ಆಫ್ ಡೆತ್, ಅಮೆರಿಕದ ಒಂದು ಬ್ಯಾಂಡ್. ಆ ಅತಿಥಿಗಳ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ "ಎರಡು ದಿನದ ಬ್ಯಾಂಡ್" ಇನ್ನೊಂದಿಲ್ಲ.

1985. ನ್ಯೂಯಾರ್ಕಿನ ಮೆಟಲ್ ಬ್ಯಾಂಡ್ ಆಂಥ್ರಾಕ್ಸ್ ತನ್ನ ಎರಡನೇ ಆಲ್ಬಂ ರೆಕಾರ್ಡ್ ಮಾಡುತ್ತಿತ್ತು. ಗಿಟಾರಿಸ್ಟ್ ಸ್ಕಾಟ್ ಇಯಾನ್ ತನ್ನ ಪಾಲಿನ ಕೆಲಸ ಮುಗಿಸಿ ಸ್ಟುಡಿಯೋದಲ್ಲಿ ಸುಮ್ನೆ ಕೂತಿದ್ದ. ಹೊತ್ತು ಹೋಗಲಿ ಅಂತ ಸಾರ್ಜೆಂಟ್ ಡಿ ಅನ್ನುವ ಸಿಡುಕನ ಚಿತ್ರ ಗೀಚುತ್ತಿದ್ದ. ಅವನ ಬಾಯಿಗೆ ಒಂದಿಷ್ಟು ಮಾತು ಹಾಕುತ್ತಿದ್ದ. ಆ ಮಾತುಗಳೇ ಹಾಡಾದವು. ಡ್ರಮ್ಸ್‌ಗೆ ಅದೇ ಆಂಥ್ರಾಕ್ಸ್‌ನ ಚಾರ್ಲಿ ಬೆನಾಂಟೆ ಬಂದ. ಬಾಸ್‌ಗೆ ಡ್ಯಾನ್ ಲಿಲ್ಕರ್. ಆಂಥ್ರಾಕ್ಸ್ ಕಟ್ಟಿದವರಲ್ಲಿ ಈ ಲಿಲ್ಕರ್ ಕೂಡ ಒಬ್ಬ. 1984ರಲ್ಲಿ ಮೊದಲ ಆಲ್ಬಂ ಬಂದ ಮೇಲೆ ಅವನನ್ನು ತೆಗೆದುಹಾಕಿದ್ದರು. ತೆಗೆದುಹಾಕಿದವರ ಜೊತೆಗೇ ಮರುವರ್ಷ ಬಂದು ಬಾಸ್ ಬಾರಿಸಿದ. ಅದಕ್ಕೆ ಎಂಥ ಮನಸ್ಸು ಬೇಕು ಯೋಚಿಸಿ. ಹಾಡಲು ಹಾರ್ಡ್‌ಕೋರ್ ಕಡೆಯ, ಅಂದರೆ ಪಂಕ್ ರಾಕ್‌ನ ಇನ್ನೂ ವೇಗದ, ಒರಟು ರೂಪದ ಕಡೆಯ ಬಿಲ್ಲಿ ಮಿಲಾನೋ.

ಇಡೀ ಆಲ್ಬಂ ರೆಕಾರ್ಡ್ ಆಗಿದ್ದು 3 ದಿನದಲ್ಲಿ. 20ಕ್ಕೂ ಹೆಚ್ಚು ಹಾಡು, ಎಲ್ಲ ಸೇರಿ ಅರ್ಧ ಗಂಟೆಯೂ ಇಲ್ಲ. ಕೆಲವು ಹಾಡು ಕೆಲವೇ ಸೆಕೆಂಡು. ಮೆಗಾಫೋರ್ಸ್ ಕಂಪನಿ ಅದನ್ನು ಅದೇ ವರ್ಷ ಹೊರತಂದಿತು. ಒಂದಿಷ್ಟು ಶೋ ಮಾಡಿದರು. ಆಮೇಲೆ ಇಯಾನ್, ಬೆನಾಂಟೆ ಆಂಥ್ರಾಕ್ಸ್‌ಗೆ ವಾಪಸ್. ಲಿಲ್ಕರ್ ತನ್ನ ನ್ಯೂಕ್ಲಿಯರ್ ಅಸಾಲ್ಟ್ ಬ್ಯಾಂಡ್‌ಗೆ. ಮಿಲಾನೋ ಎಂ.ಓ.ಡಿ. ಅಂತ ಬೇರೆ ಬ್ಯಾಂಡ್ ಮಾಡಿಕೊಂಡ. ಅಷ್ಟೇ.

ಆದರೆ ಆ ಅಷ್ಟರಲ್ಲೇ ಎಷ್ಟಾಯಿತು! ಆಗ ನ್ಯೂಯಾರ್ಕ್‌ನಲ್ಲಿ ಮೆಟಲ್‌ನವರಿಗೂ ಹಾರ್ಡ್‌ಕೋರ್‌ನವರಿಗೂ ಆಗಿಬರುತ್ತಿರಲಿಲ್ಲ. ಸಿ.ಬಿ.ಜಿ.ಬಿ. ಕ್ಲಬ್ಬಿನ ಭಾನುವಾರದ ಹಾರ್ಡ್‌ಕೋರ್ ಶೋಗೆ ಉದ್ದ ಕೂದಲು ಬಿಟ್ಟ ಮೆಟಲ್‌ನವನು ಹೋಗಲು ಧೈರ್ಯ ಬೇಕಿತ್ತು. ಎಸ್‌.ಓ.ಡಿ. ಎರಡನ್ನೂ ಒಂದೇ ಹಾಡಿನೊಳಗೆ ತಂದಿತು. ಮೊದಲು ಗಿಟಾರ್ ಭಾರವಾಗಿ, ನಿಧಾನವಾಗಿ ಬರುತ್ತದೆ. ತಲೆ ತಾನಾಗಿ ಆಡತೊಡಗುತ್ತದೆ. ಅಷ್ಟರಲ್ಲಿ ಡ್ರಮ್ಸ್ ಓಟ ಕೀಳುತ್ತದೆ, ಉಳಿದವರು ಅದರ ಹಿಂದೆ. 'ಮಿಲ್ಕ್' ಹಾಡಲ್ಲಿ ಬೆನಾಂಟೆ ಬಾರಿಸಿದ ಬ್ಲಾಸ್ಟ್ ಬೀಟ್ ಕೇಳಿ, ಬಿಡುವೇ ಇಲ್ಲದ ಅತಿವೇಗದ ಡ್ರಮ್ಸ್ ಬಡಿತ ಅದು. ಮುಂದೆ ಗ್ರೈಂಡ್‌ಕೋರ್ ಅನ್ನುವ ಸಂಗೀತದ ಶೈಲಿ ಇಡೀ ನಿಂತಿದ್ದೇ ಅಂಥ ಬಡಿತದ ಮೇಲೆ. ಇವರೇ ಮೊದಲಿಗರು ಅಂತ ನಾನು ಹೇಳುತ್ತಿಲ್ಲ. ಡಿ.ಆರ್.ಐ., ಸೂಯಿಸೈಡಲ್ ಟೆಂಡೆನ್ಸೀಸ್, ಕರೋಷನ್ ಆಫ್ ಕನ್ಫರ್ಮಿಟಿ ಎಲ್ಲ ಅದೇ ದಾರಿಯಲ್ಲಿದ್ದರು. ಆದರೆ ಮೆಟಲ್ ಕಡೆಯಿಂದ ಎಷ್ಟೋ ಜನ ಆ ದಾರಿಗೆ ಇಳಿದಿದ್ದು ಈ 3 ದಿನದ ಆಲ್ಬಂ ಕೇಳಿ.

ಹೇಳಿ, ಇದನ್ನೂ "ಹೋಗ್ತಾವೆ" ಅನ್ನುವ ಲೆಕ್ಕಕ್ಕೆ ಸೇರಿಸುತ್ತೀರಾ?

ನಿನ್ನೆ ಬಾರಿಸಿದ ಹುಡುಗರನ್ನು ನಾನು ಬಲ್ಲೆ. ಹೊಸನಗರದ ಕಡೆ ಒಬ್ಬನ ಮನೆಯಲ್ಲಿ, ಅಡಿಕೆ ಸುಲಿಯುವವರು ಎದ್ದು ಹೋದ ಮೇಲೆ, ಅದೇ ಮಾಡಿನ ಕೆಳಗೆ ಪ್ರಾಕ್ಟೀಸ್ ಮಾಡುತ್ತಿದ್ದರು. ಗಿಟಾರ್ ಹುಡುಗನ ಬೆರಳಿನ ಚೊಗರು ತಂತಿಗೂ ಹತ್ತಿರುತ್ತಿತ್ತು. ಒಂದು ರಾತ್ರಿ ನಾನಿದ್ದಾಗಲೇ ಕರೆಂಟ್ ಹೋಯಿತು. ಆಂಪ್ ಸತ್ತಿತು, ಗಿಟಾರ್ ನಿಂತಿತು. ಡ್ರಮ್ಸ್ ಹುಡುಗ ನಿಲ್ಲಿಸಲಿಲ್ಲ. ಕತ್ತಲಲ್ಲೇ ಲೆಕ್ಕ ಹಿಡಿದು ಬಾರಿಸುತ್ತಾ ಹೋದ. ಮತ್ತೆ ಕರೆಂಟ್ ಬಂದಾಗ ಉಳಿದವರು ಹಾಡು ಎಲ್ಲಿಗೆ ಬಂದಿತ್ತೋ ಸರಿಯಾಗಿ ಅಲ್ಲಿಗೇ ಬಂದು ಸೇರಿಕೊಂಡರು. ನನಗೆ ಮೈ ಜುಮ್ಮೆಂದಿತು. ಪರೀಕ್ಷೆ ಮುಗಿದ ಮೇಲೆ ಒಬ್ಬ ಬೆಂಗಳೂರಿಗೆ, ಒಬ್ಬ ತೋಟಕ್ಕೆ. ಬ್ಯಾಂಡ್ ಉಳಿಯುವುದಿಲ್ಲ ಅಂತ ಅವರಿಗೂ ಗೊತ್ತು. ಗೊತ್ತಿದ್ದೇ ಅಷ್ಟು ಜೀವ ತೇಯುತ್ತಿದ್ದಾರೆ. ಅಂಥವರ ಎದುರಿಗೇ, ಅವರದೇ ಕಾಲೇಜಿನ ಮೈಕ್‌ನಲ್ಲಿ ಹಾಗನ್ನುವುದಾ? ನನಗೆ ಇದನ್ನು ನುಂಗಿಕೊಳ್ಳಲು ಆಗುತ್ತಿಲ್ಲ.

ಅಷ್ಟು ಚೆನ್ನಾಗಿದ್ದರೆ ಮುಂದುವರಿಸಬೇಕಿತ್ತಲ್ವಾ ಅಂತ ಕೇಳುವವರು ಇದ್ದೇ ಇರುತ್ತಾರೆ. ಮುಂದುವರಿಸಿದರಲ್ಲ! 1992ರಲ್ಲಿ ಒಂದು ಲೈವ್ ಆಲ್ಬಂ ಬಂತು. 1999ರಲ್ಲಿ ಅದೇ ನಾಲ್ಕು ಜನ ಸೇರಿ 'ಬಿಗ್ಗರ್ ದ್ಯಾನ್ ದ ಡೆವಿಲ್' ಮಾಡಿದರು. ಆ ಆಲ್ಬಂ ನನ್ನ ಹತ್ತಿರ ಇದೆ, ಪೂರ್ತಿ ಕೇಳಿದ್ದೇನೆ. ಕೈ ಪಳಗಿದೆ, ಸೌಂಡ್ ಚೆನ್ನಾಗಿದೆ. ಆದರೆ ಮೊದಲನೆಯದರ ಬಿಸಿ ಇಲ್ಲ. ಅದರಲ್ಲಿ ಯಾವ ಹಾಡು ನೆನಪಿದೆ ಅಂದರೆ ತಡವರಿಸುತ್ತೇನೆ. ಮೊದಲನೆಯದು ಕೊನೆವರೆಗೂ ಬಾಯಿಪಾಠ.

ಇನ್ನೊಂದು ಮಾತನ್ನು ಮಾತ್ರ ನಾನು ತಳ್ಳಿಹಾಕುವುದಿಲ್ಲ. ಆ ಮೊದಲ ಆಲ್ಬಂ ಹೆಸರು 'ಸ್ಪೀಕ್ ಇಂಗ್ಲಿಷ್ ಆರ್ ಡೈ'. ಇಂಗ್ಲಿಷ್ ಮಾತಾಡು, ಇಲ್ಲಾಂದ್ರೆ ಸಾಯಿ. ಸಾರ್ಜೆಂಟ್ ಡಿ ಥರದವರನ್ನು ಅಣಕಿಸಲು ಬರೆದದ್ದು, ತಮಾಷೆ ಅಂತ ಅವರು ಹೇಳುತ್ತಾರೆ. ಕನ್ನಡ ಮೀಡಿಯಂನಲ್ಲಿ ಓದಿ, ಇಂಗ್ಲಿಷ್ ಬಾರದೆ ಎಷ್ಟೋ ಕಡೆ ತಲೆ ತಗ್ಗಿಸಿ ಕೂತ ನನಗೆ ಅದು ಯಾವತ್ತೂ ತಮಾಷೆ ಅನ್ನಿಸಿಲ್ಲ. ವಲಸೆ ಬಂದವರ ಬಗ್ಗೆ, ಹೆಂಗಸರ ಬಗ್ಗೆ ಅದರಲ್ಲಿರುವ ಕೆಲವು ಸಾಲು ಕೆಟ್ಟವೇ. ಅದಕ್ಕೆ ಬೈಯುವುದಾದರೆ ನಾನೂ ನಿಮ್ಮ ಪಕ್ಕ ನಿಂತು ಬೈಯುತ್ತೇನೆ. ಕೇಳಿ ಬೈಯುವವರ ಜೊತೆ ನನಗೆ ಜಗಳವಿಲ್ಲ.

ಕೇಳಬೇಕು ಅನ್ನಿಸಿದರೆ ಮೊದಲ ಹಾಡು 'ಮಾರ್ಚ್ ಆಫ್ ದ ಎಸ್‌.ಓ.ಡಿ.'ಯಿಂದ ಶುರು ಮಾಡಿ. ಎಂ.ಟಿ.ವಿ.ಯ ಹೆಡ್‌ಬ್ಯಾಂಗರ್ಸ್ ಬಾಲ್ ಕಾರ್ಯಕ್ರಮದಲ್ಲಿ ಬರುತ್ತಿದ್ದ ಟ್ಯೂನ್ ಅದೇ. ಹೆಚ್ಚೂಕಮ್ಮಿ ಒಂದೂವರೆ ನಿಮಿಷ, ಮಾತೇ ಇಲ್ಲ, ಬರೀ ವಾದ್ಯ. ಸೌಂಡ್ ಜಾಸ್ತಿ ಇಟ್ಟು ಕೇಳಿ. ನಿನ್ನೆಯ ಅತಿಥಿಗಳ ನಂಬರ್ ಯಾರ ಹತ್ತಿರವಾದರೂ ಇದ್ದರೆ ಅವರಿಗೂ ಕಳಿಸಿ.