ಸತ್ಯಾಂಶ: ನಿಕಿ ವಿನ್ಮಾರ್ ತೋರಿಸಿದ್ದು ತನ್ನ ಮೈಬಣ್ಣವನ್ನೇ

ಜೆರ್ಸಿ ಮೇಲೆತ್ತಿ ಬರಿಮೈಗೆ ಬೆರಳಿಟ್ಟು ನಿಂತ, ಆಸ್ಟ್ರೇಲಿಯಾದ್ದೇ ಆದ ಫುಟ್‌ಬಾಲ್‌ನ ಆಟಗಾರ ನಿಕಿ ವಿನ್ಮಾರ್ ಅವರ ಚಿತ್ರದೊಂದಿಗೆ ಆಗಾಗ ಒಂದು ಮಾತು ಹರಿದಾಡುತ್ತದೆ: ‘ಇದಕ್ಕೂ ವರ್ಣಭೇದಕ್ಕೂ ಸಂಬಂಧವಿಲ್ಲ, ತಂಡದ ಗಟ್ಸ್ ತೋರಿಸಿದ್ದಷ್ಟೇ.’ ಇಂಗ್ಲಿಷಿನಲ್ಲಿ ಗಟ್ಸ್ ಅಂದರೆ ಕರುಳೂ ಹೌದು, ಕೆಚ್ಚೂ ಹೌದು. ಹಾಗಾಗಿ ನಂಬುವಂತೆಯೇ ಕಾಣುತ್ತದೆ. ಆದರೆ ನಿಜವಲ್ಲ.

1993ರ ಏಪ್ರಿಲ್ 17, ಮೆಲ್ಬರ್ನ್‌ನ ವಿಕ್ಟೋರಿಯಾ ಪಾರ್ಕ್. ಸೇಂಟ್ ಕಿಲ್ಡಾ ತಂಡದ ವಿನ್ಮಾರ್ ಪಶ್ಚಿಮ ಆಸ್ಟ್ರೇಲಿಯಾದ ನೂಂಗಾರ್ ಮೂಲನಿವಾಸಿ. ಎದುರಾಳಿ ಕಾಲಿಂಗ್‌ವುಡ್ ತಂಡದ ಬೆಂಬಲಿಗರು ದಿನವಿಡೀ ಅವರನ್ನು ಬಣ್ಣ ಹಿಡಿದು ಬೈದರು. ಪಂದ್ಯ ಗೆದ್ದ ಮೇಲೆ ಅವರು ಆ ಗುಂಪಿನತ್ತಲೇ ತಿರುಗಿ, ಬಟ್ಟೆ ಎತ್ತಿ ಚರ್ಮ ತೋರಿಸಿದರು. ‘ನಾನು ಕಪ್ಪು, ಅದು ನನ್ನ ಹೆಮ್ಮೆ’ ಎಂದದ್ದನ್ನು ಹತ್ತಿರದಲ್ಲಿದ್ದ ಛಾಯಾಗ್ರಾಹಕ ವೇಯ್ನ್ ಲಡ್ಬಿ ಕೇಳಿಸಿಕೊಂಡಿದ್ದರು. ವಿನ್ಮಾರ್ ಕೂಡ ಅದನ್ನೇ ಹೇಳಿದ್ದಾರೆ. ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಆ ಒಂದು ಕ್ಷಣಕ್ಕೇ ಅವರನ್ನು ಕಟ್ಟಿಹಾಕುವುದೂ ಅನ್ಯಾಯ. 1987ರಿಂದ 1999ರವರೆಗೆ ಅಲ್ಲಿನ ಅಗ್ರ ಲೀಗ್‌ನಲ್ಲಿ 251 ಪಂದ್ಯ ಆಡಿದರು. 200 ದಾಟಿದ ಮೊದಲ ಮೂಲನಿವಾಸಿ ಆಟಗಾರ ಅವರೇ. ಜನಾಂಗೀಯ ನಿಂದನೆ ವಿರುದ್ಧ ಲೀಗ್ ನಿಯಮ ತಂದದ್ದು 1995ರಲ್ಲಿ. 2019ರಿಂದ ಪರ್ತ್ ಕ್ರೀಡಾಂಗಣದ ಹೊರಗೆ, ಅದೇ ಭಂಗಿಯಲ್ಲಿ, ಅವರ ಕಂಚಿನ ಪ್ರತಿಮೆ ನಿಂತಿದೆ.